ಗಣಿಯ ಊರು ಬ್ಲೈನಾವನ್ನೂ ನಮ್ಮ ಮಿಲ್ಲಿನ ಚಿಮಣಿಯೂ

(ಇಲ್ಲಿಯ ಕಾರ್ಮಿಕರ ವಾಚನಾಲಯದ ವಾರ್ಷಿಕ ಕೂಟದಲ್ಲಿ ಮಾಡಿದ ಭಾಷಣದ ಬರಹರೂಪ)



ಮುಚ್ಚಿಹೋದ ಮಿಲ್ಲಿನ ಜಾಗವನ್ನು ನಿವೇಶನ ಮಾಡಿ ಮಾರುತ್ತಾರೆಂಬ ಸುದ್ದಿ ತಮಗೆಲ್ಲ ಮುಟ್ಟಿದೆ. ಚಿಮಣಿಯೊಂದನ್ನು ಕೆಡವದೆ ಬಿಟ್ಟು, ಸುತ್ತ ಹುಲ್ಲು ಬೆಳೆಸಿ, ರಾತ್ರಿ ಬಣ್ಣದ ದೀಪ ಹಾಕಿದರೆ ಊರಿಗೊಂದು ಹೆಗ್ಗುರುತಾದೀತೆಂದು ಕೆಲವು ದೊಡ್ಡವರು ಸಲಹೆ ಮಾಡಿದ್ದಾರೆ. ಇದರ ಮೇಲೆ ನಮ್ಮವರಲ್ಲೇ ಎರಡು ಪಕ್ಷಗಳಾಗಿವೆ. ನಮ್ಮ ಬೆವರಿನ ಗುರುತು, ಅದಾದರೂ ಉಳಿಯಲಿ ಎನ್ನುವವರು ಕೆಲವರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವೇ, ಮೊದಲು ನಮ್ಮ ಬಾಕಿ ಹಣದ ಮಾತಾಡಿ ಎನ್ನುವವರು ಉಳಿದವರು. ಇಬ್ಬರ ಮಾತಿನಲ್ಲೂ ನ್ಯಾಯವಿದೆ. ಆದುದರಿಂದಲೇ, ಇದೇ ಪ್ರಶ್ನೆಯನ್ನು ನಲವತ್ತು ವರ್ಷಗಳಿಗೂ ಹಿಂದೆ ಎದುರಿಸಿದ ಒಂದು ಊರಿನ ಸಂಗತಿಯನ್ನು ತಮ್ಮ ಮುಂದಿಡಲು ನಾನು ಒಪ್ಪಿಕೊಂಡೆ. ಆ ಊರನ್ನು ನಾನು ಕಣ್ಣಾರೆ ಕಂಡವನಲ್ಲ. ಓದಿ ತಿಳಿದದ್ದನ್ನು ಹೇಳುತ್ತೇನೆ, ಅಷ್ಟೆ.

ಬ್ರಿಟನ್ನಿನ ಪಶ್ಚಿಮಕ್ಕೆ ವೇಲ್ಸ್ ಎಂಬ ಗುಡ್ಡಗಾಡು ನಾಡಿದೆ. ಅದರ ದಕ್ಷಿಣದ ಕಣಿವೆಗಳಲ್ಲೊಂದರ ನೆತ್ತಿಯಲ್ಲಿ, ಹೊಳೆ ಹುಟ್ಟುವ ಜಾಗದಲ್ಲಿ, ಬ್ಲೈನಾವನ್ ಎಂಬ ಊರು. ಆ ಹೆಸರಿಗೆ ಅವರ ನುಡಿಯಲ್ಲಿ ಹೊಳೆಯ ತಲೆ ಎಂದೇ ಅರ್ಥ. ಕಬ್ಬಿಣದ ಅದಿರು, ಕಲ್ಲಿದ್ದಲು, ಸುಣ್ಣದ ಕಲ್ಲು ಈ ಮೂರೂ ಅಲ್ಲಿ ಒಂದೇ ಬೆಟ್ಟದ ಮಗ್ಗುಲಲ್ಲಿ ಸಿಗುತ್ತವೆ. ಹಣವಂತರ ಕಣ್ಣು ಬೀಳಲು ಇನ್ನೇನು ಬೇಕು? ಹಿಲ್, ಹಾಪ್ಕಿನ್ಸ್, ಪ್ರ್ಯಾಟ್ ಎಂಬ ಮೂವರು ಪಾಲುದಾರರು ಜಮೀನ್ದಾರನಿಂದ ಬೆಟ್ಟವನ್ನು ಗುತ್ತಿಗೆ ಹಿಡಿದು, 1789ರ ಹೊತ್ತಿಗೆ ಮೂರು ದೊಡ್ಡ ಕುಲುಮೆಗಳನ್ನು ಹೊತ್ತಿಸಿದರು. ಉಗಿಯಂತ್ರದ ಬಲದಿಂದ ಗಾಳಿ ಊದುವ ಕುಲುಮೆಗಳು. ಕುರಿ ಮೇಯುತ್ತಿದ್ದ ಬೆಟ್ಟದ ಮೇಲೆ ಹಗಲಿರುಳೂ ಬೆಂಕಿ ಉರಿಯತೊಡಗಿತು. ಕಬ್ಬಿಣದ ಕುಲುಮೆಗೆಂದು ಅಗೆದ ಕಲ್ಲಿದ್ದಲು, ಮುಂದೆ ಕಬ್ಬಿಣದ ವ್ಯಾಪಾರ ಕುಗ್ಗಿದಾಗ ತಾನೇ ಮುಖ್ಯ ಸರಕಾಯಿತು. ಹೀಗೆ ಕುಲುಮೆಯ ಊರು ಗಣಿಯ ಊರಾಯಿತು.

ಆ ಹಳೆಯ ಕುಲುಮೆಗಳು ಇಂದಿಗೂ ನಿಂತಿವೆ. ಪಕ್ಕದಲ್ಲೇ ಕೆಲಸಗಾರರ ಸಾಲುಮನೆಗಳಿವೆ. ಅಲ್ಲಿಯೇ ಕಂಪನಿಯ ಅಂಗಡಿಯೊಂದನ್ನು ಹಿಂದಿದ್ದ ರೀತಿಯಲ್ಲಿ ಮತ್ತೆ ಹೂಡಿ ತೋರಿಸುತ್ತಾರೆ. ಇದನ್ನು ವರ್ತಕ ಮಿತ್ರರು ಸ್ವಲ್ಪ ಗಮನವಿಟ್ಟು ಕೇಳಬೇಕು. ಆ ಕಾಲದಲ್ಲಿ ದಕ್ಷಿಣ ವೇಲ್ಸಿನ ಕುಲುಮೆಯ ಒಡೆಯರು ಬಟವಾಡೆಯನ್ನು ವಾರಕ್ಕೊಮ್ಮೆ ಮಾಡುತ್ತಿರಲಿಲ್ಲ, ವಾರಗಟ್ಟಲೆ ಮುಂದೂಡುತ್ತಿದ್ದರು. ಅಲ್ಲಿಯವರೆಗೆ ಮನೆ ನಡೆಯುವುದು ಹೇಗೆ? ಕಂಪನಿಯ ಅಂಗಡಿಯಲ್ಲಿ ಉದ್ರಿ. ಹಿಟ್ಟು, ಬೆಣ್ಣೆ, ಮೇಣದಬತ್ತಿ, ಬೂಟು ಎಲ್ಲಕ್ಕೂ ಅಲ್ಲಿಯದೇ ದರ, ಅಲ್ಲಿಯದೇ ತೂಕ. ಬಟವಾಡೆಯ ದಿನ ಅಂಗಡಿಯ ಲೆಕ್ಕ ಕಳೆದು ಉಳಿದದ್ದು ಕೈಗೆ. ಎಷ್ಟೋ ಸಲ ಉಳಿಯುತ್ತಿದ್ದುದು ಸಾಲವೇ. ಒಂದು ಕೈಯಿಂದ ಕೂಲಿ ಕೊಟ್ಟು ಇನ್ನೊಂದು ಕೈಯಿಂದ ಲಾಭವಿಟ್ಟು ಹಿಂದಕ್ಕೆ ತೆಗೆದುಕೊಳ್ಳುವ ಈ ಪದ್ಧತಿಯನ್ನು 1831ರ ಕಾಯಿದೆ ನಿಷೇಧಿಸಿತು. ಆದರೂ ಒಡೆಯರು ಹಲವು ಉಪಾಯಗಳಿಂದ ದಶಕಗಟ್ಟಲೆ ಅದನ್ನು ಮುಂದುವರಿಸಿದರು. ಇದರಲ್ಲಿ ಮೋಸ ಹೋದವನು ಕೂಲಿಕಾರನೊಬ್ಬನೇ ಅಲ್ಲ. ಅಂಥ ಊರಿನಲ್ಲಿ ಸ್ವತಂತ್ರವಾಗಿ ಒಂದು ದಿನಸಿ ಅಂಗಡಿ ಇಡಲು ಬಂದ ಬಡ ವ್ಯಾಪಾರಿಗೆ ಗಿರಾಕಿ ಎಲ್ಲಿಂದ ಬರಬೇಕು? ಕೂಲಿಕಾರನ ಕೈಗೆ ನಗದು ಬಂದರೆ ಮಾತ್ರ ಪೇಟೆಗೆ ಜೀವ. ಕಾರ್ಮಿಕನೂ ಸಣ್ಣ ವರ್ತಕನೂ ಒಂದೇ ದೋಣಿಯವರೆಂದು ನಾವು ಈ ಪತ್ರಿಕೆಯಲ್ಲಿ ಬರೆದಾಗ ನಗುವವರು ಆ ಅಂಗಡಿಯ ಲೆಕ್ಕ ನೋಡಬೇಕು.

ಇನ್ನು ಗಣಿಯ ಸಂಗತಿ. ಊರ ಹೊರಗಿನ ಆ ಗಣಿಗೆ ಬಿಗ್ ಪಿಟ್ ಎಂದು ಹೆಸರು. ದೊಡ್ಡ ಬಾವಿ ಎನ್ನೋಣ. ಬಾವಿಯ ಬಾಯಿ ಅಗಲವಾದದ್ದರಿಂದ ಆ ಹೆಸರು. ಎರಡು ಸಾಲು ಬಂಡಿಗಳನ್ನು ಒಟ್ಟಿಗೆ ಇಳಿಸಿ ಹತ್ತಿಸುವಷ್ಟು ಅಗಲ. 1923ರಲ್ಲಿ ಅಲ್ಲಿ 1,399 ಜನ ಕೆಲಸಕ್ಕಿದ್ದರು. 1970ರ ಹೊತ್ತಿಗೆ 494. 1980ರ ಫೆಬ್ರವರಿ 2ರಂದು ಗಣಿ ಮುಚ್ಚಿದಾಗ ಕೆಲಸ ಕಳೆದುಕೊಂಡವರು 250ಕ್ಕೂ ಹೆಚ್ಚು. ಮೂರೇ ವರ್ಷದಲ್ಲಿ, 1983ರಲ್ಲಿ, ಅದೇ ಬಾವಿ ನೋಡಲು ಬರುವವರಿಗಾಗಿ ಮತ್ತೆ ತೆರೆಯಿತು. 2000ದಲ್ಲಿ ಊರಿಗೂ ಸುತ್ತಲ ಬೆಟ್ಟಕ್ಕೂ ವಿಶ್ವಸಂಸ್ಥೆಯ ಯುನೆಸ್ಕೋ ಜಗತ್ತಿನ ಪರಂಪರೆಯ ತಾಣವೆಂಬ ಮಾನ್ಯತೆ ಕೊಟ್ಟಿತು. ತಾಜಮಹಲಿಗೂ ಹಂಪೆಗೂ ಕೊಟ್ಟ ಮಾನ್ಯತೆಯೇ ಇದು. ಮಸಿ ಹತ್ತಿದ ಗಣಿಯ ಊರೊಂದು ಅರಮನೆ, ದೇಗುಲಗಳ ಪಂಕ್ತಿಯಲ್ಲಿ ಕುಳಿತಿತೆಂದರೆ ಅದು ಸಾಮಾನ್ಯ ಮಾತಲ್ಲ. 2001ರಿಂದ ಗಣಿ ವೇಲ್ಸ್ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಸೇರಿದೆ, ಪ್ರವೇಶಕ್ಕೆ ಶುಲ್ಕವಿಲ್ಲ.

ಅಲ್ಲಿ ಏನು ತೋರಿಸುತ್ತಾರೆ? ಗಾಜಿನ ಪೆಟ್ಟಿಗೆಯಲ್ಲಿಟ್ಟ ಹಾರೆ ಪಿಕಾಸಿಗಳನ್ನಷ್ಟೇ ಅಲ್ಲ. ನೋಡಲು ಬಂದವರ ತಲೆಗೆ ಟೋಪಿ ಹಾಕಿ, ಹಣೆಗೆ ದೀಪ ಕಟ್ಟಿ, ಸೊಂಟಕ್ಕೆ ಬ್ಯಾಟರಿ ಬಿಗಿಯುತ್ತಾರೆ. ವಿಷದ ಗಾಳಿ ಬಂದರೆ ಉಸಿರಾಡಲು ಬೇಕಾದ ಸಾಧನವನ್ನೂ ಸೊಂಟಕ್ಕೆ ಕಟ್ಟುತ್ತಾರೆ. ಬೆಂಕಿಪೊಟ್ಟಣ, ಕೈಗಡಿಯಾರ, ಫೋನು ಎಲ್ಲವನ್ನೂ ಮೇಲೆಯೇ ಒಪ್ಪಿಸಬೇಕು. ಕಲ್ಲಿದ್ದಲಿನ ಗಣಿಯಲ್ಲಿ ಉರಿಯುವ ಗಾಳಿ ಸೇರುವುದುಂಟು, ಒಂದು ಕಿಡಿ ಸಾಕು. ಇದು ನಾಟಕಕ್ಕಾಗಿ ಮಾಡಿದ ಏರ್ಪಾಡಲ್ಲ. ಕಲ್ಲಿದ್ದಲು ತೆಗೆಯದಿದ್ದರೂ ಕಾನೂನಿನ ದೃಷ್ಟಿಯಲ್ಲಿ ಅದು ಇಂದಿಗೂ ಗಣಿಯೇ, ಗಣಿಯ ಕಟ್ಟಳೆಗಳೇ ಅದಕ್ಕೆ ಅನ್ವಯ. ಆಮೇಲೆ ಕಬ್ಬಿಣದ ಪಂಜರದಲ್ಲಿ ನಿಲ್ಲಿಸಿ 90 ಮೀಟರ್ ಕೆಳಕ್ಕೆ ಇಳಿಸುತ್ತಾರೆ.

ಕೆಳಗೆ ದಾರಿ ತೋರಿಸುವವರು ಯಾರು? ಸಮವಸ್ತ್ರ ಹಾಕಿಕೊಂಡು ಬಾಯಿಪಾಠ ಒಪ್ಪಿಸುವ ಹುಡುಗರಲ್ಲ. ಗಣಿಯಲ್ಲಿ ದುಡಿದವರು. ಈ ಕಂಬ ಯಾಕೆ ಹೀಗಿದೆ, ಛಾವಣಿ ಕುಸಿಯುವ ಮುನ್ನ ಯಾವ ಸದ್ದಾಗುತ್ತದೆ, ಗಾಳಿ ಯಾವ ಬಾಗಿಲಿಂದ ಬಂದು ಯಾವ ಬಾಗಿಲಿಂದ ಹೋಗುತ್ತದೆ ಎಂಬುದನ್ನು ತಮ್ಮ ಮೈ ಅನುಭವದಿಂದ ಹೇಳಬಲ್ಲವರು. ಒಂದು ಮರದ ಬಾಗಿಲಿನ ಬಳಿ ಎಲ್ಲರನ್ನೂ ನಿಲ್ಲಿಸಿ ದೀಪ ಆರಿಸಲು ಹೇಳುತ್ತಾರೆ. ಕಣ್ಣಿನ ಮುಂದೆ ಹಿಡಿದ ಕೈ ಕಾಣಿಸದ ಕತ್ತಲೆ. ಬಂಡಿ ಬಂದಾಗ ಬಾಗಿಲು ತೆರೆದು, ಹೋದೊಡನೆ ಮುಚ್ಚುವುದಕ್ಕೆ ಒಂದು ಕಾಲದಲ್ಲಿ ಆ ಕತ್ತಲೆಯಲ್ಲಿ ಕೂರಿಸುತ್ತಿದ್ದುದು ಪುಟ್ಟ ಮಕ್ಕಳನ್ನು. 1842ರ ಕಾಯಿದೆ ಬಂದ ಮೇಲೆಯೇ ಹತ್ತು ವರ್ಷದೊಳಗಿನ ಹುಡುಗರನ್ನೂ, ಯಾವ ವಯಸ್ಸಿನ ಹೆಂಗಸರನ್ನೂ ಗಣಿಯೊಳಕ್ಕೆ ಇಳಿಸಬಾರದೆಂದಾದದ್ದು. ಹತ್ತು ತುಂಬಿದ ಹುಡುಗನನ್ನು ಇಳಿಸಬಹುದೆಂದು ಇದರ ಅರ್ಥ, ಅದನ್ನೂ ಮರೆಯಬಾರದು. ನೆಲದಡಿಯಲ್ಲೇ ಕುದುರೆಗಳ ಲಾಯವಿದೆ. ಬಂಡಿ ಎಳೆಯುತ್ತಿದ್ದ ಕುದುರೆಗಳು ಬಿಸಿಲು ಕಾಣದೆ ಅಲ್ಲೇ ಮೇವು ತಿಂದು ಅಲ್ಲೇ ಮಲಗುತ್ತಿದ್ದವು.

ಇದೇ ಊರಿನಲ್ಲಿ 1816ರಲ್ಲಿ ಕಟ್ಟಿದ ಶಾಲೆಯೊಂದಿದೆ. ಕುಲುಮೆಯ ಒಡೆಯನೊಬ್ಬ ಸತ್ತಾಗ ಅವನ ಸೋದರಿ ಸಾರಾ ಹಾಪ್ಕಿನ್ಸ್ ಅವನ ನೆನಪಿಗೆಂದು ಕೆಲಸಗಾರರ ಮಕ್ಕಳಿಗಾಗಿ ಕಟ್ಟಿಸಿದ ಶಾಲೆ. ಆ ತಾಯಿಯ ಮನಸ್ಸು ಒಳ್ಳೆಯದೇ ಇದ್ದೀತು, ನಾನು ಆಡಿಕೊಳ್ಳುವುದಿಲ್ಲ. ಆದರೆ ಶಾಲೆಯಿದ್ದ ನಾಡಿನಲ್ಲಿ ಮಕ್ಕಳು ಕತ್ತಲೆಯ ಬಾಗಿಲು ಕಾಯುವುದು ಇನ್ನೂ ಇಪ್ಪತ್ತಾರು ವರ್ಷ ತಪ್ಪಲಿಲ್ಲ. ಆ ಶಾಲೆಯೇ ಈಗ ಪ್ರವಾಸಿಗಳಿಗೆ ಊರಿನ ಚರಿತ್ರೆ ಹೇಳುವ ಕೇಂದ್ರ. ಅದಕ್ಕಿಂತ ನನಗೆ ಮುಖ್ಯವಾಗಿ ಕಾಣುವುದು ಊರ ನಡುವಿನ ಇನ್ನೊಂದು ಕಟ್ಟಡ, 1895ರಲ್ಲಿ ಎದ್ದ ಕೆಲಸಗಾರರ ಭವನ. ಯಾವ ಒಡೆಯನ ದಾನದಿಂದಲೂ ಅದು ಎದ್ದದ್ದಲ್ಲ. ಗಣಿಯವರೂ ಕುಲುಮೆಯವರೂ ವಾರಕ್ಕೆ ಅರ್ಧ ಪೆನ್ನಿಯಂತೆ ತಮ್ಮ ಕೂಲಿಯಿಂದ ಕೊಟ್ಟು ಕಟ್ಟಿಕೊಂಡದ್ದು. ಆಗಿನ ಲೆಕ್ಕದಲ್ಲಿ ಒಂದು ಪೌಂಡಿಗೆ 480 ಅರ್ಧ ಪೆನ್ನಿಗಳು. ಅಂದರೆ 480 ಜನ ಕೊಟ್ಟಾಗ ವಾರಕ್ಕೆ ಒಂದು ಪೌಂಡು! ನಮ್ಮ ವಾಚನಾಲಯದ ಚಂದಾ ವಸೂಲಿಗೆ ಹೋಗುವವರಿಗೆ ಈ ಲೆಕ್ಕದ ಕಷ್ಟ ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ಗ್ರಂಥಾಲಯವಿತ್ತು, ಪತ್ರಿಕೆ ಓದುವ ಕೋಣೆಯಿತ್ತು, ಆಟದ ಕೋಣೆಯಿತ್ತು, ಸಭೆಗೂ ನಾಟಕಕ್ಕೂ ದೊಡ್ಡ ಸಭಾಂಗಣವಿತ್ತು. ಇಂದಿಗೂ ಅಲ್ಲಿ ಸಿನೆಮಾ, ನಾಟಕ ನಡೆಯುತ್ತವೆ.

ಇಂಥ ಭವನಗಳು ದಕ್ಷಿಣ ವೇಲ್ಸಿನ ಗಣಿಯ ಊರೂರಿನಲ್ಲೂ ಎದ್ದವು. ಅವುಗಳ ಫಲವೇನೆಂದು ಕೇಳಿದರೆ ಒಂದೇ ಉದಾಹರಣೆ ಹೇಳುತ್ತೇನೆ. ಬ್ಲೈನಾವನ್ನಿಗೆ ಅನತಿ ದೂರದ ಟ್ರೆಡೀಗರ್ ಎಂಬ ಊರಿನಲ್ಲಿ ಹದಿಮೂರನೆಯ ವಯಸ್ಸಿಗೆ ಗಣಿಗಿಳಿದ ಹುಡುಗನೊಬ್ಬ ಕೆಲಸಗಾರರ ಗ್ರಂಥಾಲಯದಲ್ಲಿ ಓದಿ ಬೆಳೆದ. ಅದೇ ಊರಿನಲ್ಲಿ ಕೆಲಸಗಾರರು ಕೂಲಿಯಿಂದ ಇಷ್ಟಿಷ್ಟು ಕೂಡಿಸಿ ವೈದ್ಯರನ್ನಿಟ್ಟುಕೊಂಡು, ಸದಸ್ಯರ ಮನೆಮಂದಿಗೆಲ್ಲ ಔಷಧೋಪಚಾರ ನಡೆಸುವ ಸಂಘವೂ ಇತ್ತು. ಆ ಹುಡುಗ ದೊಡ್ಡವನಾಗಿ ಮಂತ್ರಿಯಾದಾಗ ಅದೇ ಮಾದರಿಯನ್ನು ಇಡೀ ದೇಶಕ್ಕೆ ಹರಡಿದ. 1948ರ ಜುಲೈ 5ರಂದು ಬ್ರಿಟನ್ನಿನಲ್ಲಿ ಎಲ್ಲರಿಗೂ ಉಚಿತ ವೈದ್ಯ ಸೇವೆ ಆರಂಭಿಸಿದ ಅನ್ಯೂರಿನ್ ಬೆವನ್ ಆತನೇ. ಅರ್ಧ ಪೆನ್ನಿಗಳು ಎಲ್ಲಿಗೆ ಹೋಗಿ ಮುಟ್ಟಿದವು ನೋಡಿ. ಆದರೆ ಆ ಗ್ರಂಥಾಲಯಗಳಲ್ಲಿ ಬಹಳಷ್ಟು ಗಣಿಗಳು ಮುಚ್ಚಿದಂತೆ ಚೆದುರಿಹೋದವು, ಪುಸ್ತಕಗಳು ಸಿಕ್ಕ ಬೆಲೆಗೆ ಮಾರಾಟವಾದವು. ಉಳಿದಷ್ಟನ್ನಾದರೂ ಕೂಡಿಸೋಣವೆಂದು 1973ರಲ್ಲಿ ಸ್ವಾನ್ಸೀ ನಗರದಲ್ಲಿ ಗಣಿ ಕೆಲಸಗಾರರ ಗ್ರಂಥಾಲಯವೊಂದನ್ನು ತೆರೆದರು. ಕಬ್ಬಿಣ ತುಕ್ಕು ಹಿಡಿಯಲು ನೂರು ವರ್ಷ ಬೇಕಾದೀತು, ಕಾಗದ ರದ್ದಿಗೆ ಹೋಗಲು ಒಂದು ಮಧ್ಯಾಹ್ನ ಸಾಕು.

ಗಣಿಯ ಮೇಲಿನ ಸ್ನಾನದ ಮನೆಯ ಮಾತನ್ನು ತಾಯಂದಿರಿಗಾಗಿ ಹೇಳುತ್ತೇನೆ. 1939ರಲ್ಲಿ ಕಟ್ಟಿದ ಆ ಸ್ನಾನದ ಮನೆಯನ್ನು, ಸಾಲು ಕಪಾಟುಗಳನ್ನು, ನೀರಿನ ಕೊಳವೆಗಳನ್ನು ಇದ್ದ ಹಾಗೆಯೇ ಉಳಿಸಿದ್ದಾರೆ. ಸ್ನಾನದ ಮನೆಯಲ್ಲಿ ನೋಡುವುದೇನು ಎಂದು ಕೇಳಬಹುದು. ಅದಕ್ಕೆ ಮುಂಚೆ ಗಣಿಯವನು ಮೈಯೆಲ್ಲ ಮಸಿಯಾಗಿ ಮನೆಗೆ ಬರುತ್ತಿದ್ದ. ಒಲೆಯ ಮುಂದೆ ತಗಡಿನ ತೊಟ್ಟಿಯಿಟ್ಟು, ನೀರು ಹೊತ್ತು ತಂದು, ಕಾಯಿಸಿ, ಹೊಯ್ದು, ಮತ್ತೆ ಆ ಕೊಳೆನೀರನ್ನು ಹೊರಗೆ ಚೆಲ್ಲುವುದು ಹೆಂಗಸಿನ ಪಾಲಿಗೆ. ಗಂಡ ಒಂದು ಪಾಳಿ, ಇಬ್ಬರು ಮಕ್ಕಳು ಇನ್ನೆರಡು ಪಾಳಿ ಆದರೆ ದಿನಕ್ಕೆ ಮೂರು ಸಲ. ಗಣಿಯೊಳಗೆ ಇಳಿಯದೆಯೇ ಗಣಿ ಅವಳ ಸೊಂಟ ಮುರಿಯಿತು. ಸ್ನಾನದ ಮನೆಗೆ ಹಣ ಬಂದದ್ದು ಎಲ್ಲಿಂದ? 1920ರ ಕಾನೂನಿನಂತೆ ಟನ್ನಿಗೆ ಒಂದು ಪೆನ್ನಿ ಕಲ್ಯಾಣ ನಿಧಿಗೆ ಎತ್ತಿಡಬೇಕಾಯಿತು. 1926ರಲ್ಲಿ ಜಮೀನ್ದಾರರು ಕೂತಲ್ಲೇ ಪಡೆಯುತ್ತಿದ್ದ ರಾಜಧನದ ಮೇಲೂ ಇದೇ ಕೆಲಸಕ್ಕಾಗಿ ಪಟ್ಟಿ ಹಾಕಲಾಯಿತು. ನೆಲದ ಮೇಲೆ ಹೆಸರಿದ್ದ ಮಾತ್ರಕ್ಕೆ ನೆಲದಡಿಯ ಪ್ರತಿ ಟನ್ನಿಗೂ ಪಾಲು ತಿನ್ನುತ್ತಿದ್ದವನು, ಅದನ್ನು ಅಗೆದವನ ಮೈತೊಳೆಯಲು ಒಂದಿಷ್ಟು ಬಿಚ್ಚಬೇಕಾಯಿತು. ಇದನ್ನು ಯಾರೂ ಪುಕ್ಕಟೆ ಕೊಡಲಿಲ್ಲ, ಸಂಘಟನೆಯಿಂದ ಆದದ್ದು.

ಉಳಿಸುವ ಮಾತು ಬಂದಾಗ ಸತ್ತವರ ಲೆಕ್ಕವನ್ನೂ ಹೇಳಲೇಬೇಕು. ಅದೇ ದಕ್ಷಿಣ ವೇಲ್ಸಿನ ಸೆಂಘೆನಿದ್ ಎಂಬ ಊರಿನ ಗಣಿಯಲ್ಲಿ 1913ರ ಅಕ್ಟೋಬರ್ 14ರಂದು ಸ್ಫೋಟವಾಗಿ 439 ಜನ ಗಣಿಯವರೂ, ಅವರನ್ನು ಉಳಿಸಲು ಹೋದವನೊಬ್ಬನೂ ತೀರಿಕೊಂಡರು. ಸುರಕ್ಷಿತತೆಯ ನಿಯಮ ಮೀರಿದ್ದಕ್ಕೆ ಕೊನೆಗೆ ವ್ಯವಸ್ಥಾಪಕನಿಗೆ ಬಿದ್ದ ದಂಡ 24 ಪೌಂಡು. ಕಂಪನಿಗೆ 10 ಪೌಂಡು. ಒಂದು ತಲೆಗೆ ಎಷ್ಟಾಯಿತೆಂದು ತಾವೇ ಭಾಗಿಸಿ ನೋಡಿ. ಒಂದು ರೊಟ್ಟಿ ಅಂಗಡಿಯ ವಾರದ ಬಾಕಿಯಷ್ಟೂ ಆಗುವುದಿಲ್ಲ. ಆ ದುರಂತಕ್ಕೆ ನೂರು ವರ್ಷ ತುಂಬಿದ ದಿನ, 2013ರಲ್ಲಿ, ಅಲ್ಲಿ ವೇಲ್ಸಿನ ಗಣಿ ಸ್ಮಾರಕ ತೆರೆಯಿತು. ಸತ್ತವರ ಹೆಸರು, ವಯಸ್ಸುಗಳನ್ನು ಬಿಲ್ಲೆಗಳ ಮೇಲೆ ಬರೆದು ಗೋಡೆಗೆ ಹಚ್ಚಿದ್ದಾರೆ.

ಉಳಿಸಿದರೆ ಸಾಲದು, ಉಳಿಸಿದ್ದರ ಬಾಯಲ್ಲಿ ಯಾರು ಮಾತಾಡುತ್ತಾರೆ ಎಂಬುದನ್ನು ನೋಡಬೇಕು. ಜಪಾನಿನ ನಾಗಸಾಕಿಯ ಬಳಿ ಹಶಿಮಾ ಎಂಬ ಪುಟ್ಟ ದ್ವೀಪವಿದೆ. ಸಮುದ್ರದಡಿಯ ಕಲ್ಲಿದ್ದಲಿಗಾಗಿ ಮಿತ್ಸುಬಿಷಿ ಕಂಪನಿ ಅಲ್ಲಿ ಗಣಿ ನಡೆಸಿತು, 1974ರಲ್ಲಿ ಮುಚ್ಚಿತು. ಎತ್ತರದ ಕಾಂಕ್ರೀಟು ವಠಾರಗಳು ಖಾಲಿ ನಿಂತಿವೆ. 2015ರಲ್ಲಿ ಅದಕ್ಕೂ ಯುನೆಸ್ಕೋ ಮಾನ್ಯತೆ ಸಿಕ್ಕಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಕೊರಿಯದವರನ್ನೂ ಇತರರನ್ನೂ ಅವರ ಇಚ್ಛೆಗೆ ವಿರುದ್ಧವಾಗಿ ತಂದು ದುಡಿಸಿಕೊಂಡ ಸಂಗತಿಯನ್ನು ತಿಳಿಸುತ್ತೇವೆಂದು ಜಪಾನ್ ಸರಕಾರ ಆಗ ಮಾತು ಕೊಟ್ಟಿತ್ತು. ಆ ಮಾತು ಸರಿಯಾಗಿ ನಡೆದಿಲ್ಲವೆಂದು 2021ರಲ್ಲಿ ಯುನೆಸ್ಕೋದ ಸಮಿತಿಯೇ ತೀವ್ರ ವಿಷಾದ ಸೂಚಿಸಬೇಕಾಯಿತು. ಕಟ್ಟಡ ಉಳಿಯಿತು, ಕಟ್ಟಡದೊಳಗಿದ್ದವನ ನರಳಾಟಕ್ಕೆ ಗೋಡೆಯ ಮೇಲೆ ಜಾಗ ಸಿಗಲಿಲ್ಲ. ಚಿಮಣಿಗೆ ಬಣ್ಣದ ದೀಪ ಹಾಕುವವರ ಸಲಹೆ ಕೇಳಿದಾಗ ನನಗೆ ನೆನಪಾದದ್ದು ಹಶಿಮಾ.

ಇನ್ನು ಹೊಟ್ಟೆಯ ಪ್ರಶ್ನೆ. ಅದನ್ನು ಮರೆಮಾಚಿ ನಾನು ಬ್ಲೈನಾವನ್ನನ್ನು ಹೊಗಳಿದರೆ ತಮಗೆ ದ್ರೋಹ ಮಾಡಿದಂತೆ. ವಸ್ತುಸಂಗ್ರಹಾಲಯ 1,399 ಜನರಿಗೆ ಅನ್ನ ಕೊಡಲಾರದು. ಆ ಊರಿನ ಜನಸಂಖ್ಯೆ ಈಗ ಸುಮಾರು ಆರು ಸಾವಿರ, ಗಣಿಯ ಉಚ್ಛ್ರಾಯದ ಕಾಲದ ಅರ್ಧದಷ್ಟೂ ಇಲ್ಲ. ದುಡಿಯುವ ವಯಸ್ಸಿನವರಲ್ಲಿ ಬಹಳ ಮಂದಿ ಕೆಲಸಕ್ಕೆ ಕೆಳಗಿನ ಪಟ್ಟಣಗಳಿಗೆ ಹೋಗುತ್ತಾರೆ. ಬಿಗ್ ಪಿಟ್ ನೋಡುವವರಿಗಾಗಿ ತೆರೆದ ಮರುವರ್ಷವೇ, 1984ರ ಮಾರ್ಚಿಯಲ್ಲಿ, ಉಳಿದ ಗಣಿಗಳನ್ನು ಮುಚ್ಚಬಾರದೆಂದು ಬ್ರಿಟನ್ನಿನ ಗಣಿಯವರು ಮುಷ್ಕರ ಹೂಡಿ ಒಂದು ವರ್ಷ ಹೋರಾಡಿ ಸೋತರು. ದಕ್ಷಿಣ ವೇಲ್ಸಿನವರು ಕೊನೆಯವರೆಗೂ ಬಹುತೇಕ ಒಗ್ಗಟ್ಟಾಗಿ ನಿಂತಿದ್ದರು. ಒಂದೇ ನಾಡಿನಲ್ಲಿ ಒಂದು ಗಣಿಯನ್ನು ಪ್ರೀತಿಯಿಂದ ಕಾಪಾಡುತ್ತ, ಉಳಿದವುಗಳ ಬಾಯಿಗೆ ಮಣ್ಣು ಹಾಕುತ್ತ ಹೋದರು. ಲಾಭವಿಲ್ಲವೆಂದು 1994ರಲ್ಲಿ ಮುಚ್ಚಿದ ಟವರ್ ಎಂಬ ಗಣಿಯನ್ನು ಅಲ್ಲಿಯ 239 ಕೆಲಸಗಾರರು, ಕೆಲಸ ಬಿಡಿಸಿದಾಗ ಬಂದ ಹಣದಲ್ಲಿ ತಲಾ 8,000 ಪೌಂಡು ಹಾಕಿ, ತಾವೇ ಕೊಂಡರು. 1995ರಿಂದ 2008ರವರೆಗೆ, ಕಲ್ಲಿದ್ದಲು ಮುಗಿಯುವವರೆಗೆ, ತಾವೇ ನಡೆಸಿದರು. ಲಾಭವಿಲ್ಲದ ಗಣಿ ಹದಿಮೂರು ವರ್ಷ ಹೇಗೆ ನಡೆಯಿತೋ, ಮುಚ್ಚಿದ ಪಂಡಿತರೇ ಹೇಳಬೇಕು.

ದೂರದ ಮಾತು ಸಾಕು. ನಮ್ಮದೇ ರಾಜ್ಯದಲ್ಲಿ ಕೋಲಾರದ ಚಿನ್ನದ ಗಣಿಯಿದೆ. 1880ರಲ್ಲಿ ಕೈ ಹಾಕಿದ ಜಾನ್ ಟೇಲರ್ ಕಂಪನಿಯೂ ಬ್ರಿಟನ್ನಿನದೇ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಮೊದಲು ಹೋದದ್ದು ಆ ಗಣಿಗೆ. ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು ಜನ ದುಡಿದರು. ಬೆರಳಚ್ಚು ಕೊಟ್ಟು ಹೆಸರು ನೋಂದಾಯಿಸಬೇಕೆಂಬ ಕಟ್ಟಳೆಯ ವಿರುದ್ಧ 1930ರಲ್ಲಿ ಸಾವಿರಾರು ಮಂದಿ ಮುಷ್ಕರ ಹೂಡಿದರು. ತಾವು ಕಳ್ಳರಲ್ಲ, ಕೆಲಸಗಾರರು ಎಂಬ ಮಾನದ ಹೋರಾಟ ಅದು. 1956ರಲ್ಲಿ ಗಣಿ ಸರಕಾರದ್ದಾಯಿತು. 2001ರ ಫೆಬ್ರವರಿ 28ರಂದು ಮುಚ್ಚಿತು, ಬಾವಿಗಳಲ್ಲಿ ನೀರು ತುಂಬಿತು. ಅಲ್ಲಿಂದ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಕೂಲಿಗೆ ಹೋಗುವವರಿಗೂ ಬ್ಲೈನಾವನ್ನಿನ ಯುವಕರಿಗೂ ದಾರಿ ಒಂದೇ. ಆದರೆ ಗಣಿಯಲ್ಲಿ ದುಡಿದವನೇ ಕೈಹಿಡಿದು ಕೆಳಗಿಳಿಸಿ, ಇಲ್ಲಿ ನಮ್ಮಪ್ಪ ಕೆಲಸ ಮಾಡಿದ, ಇಲ್ಲಿ ಛಾವಣಿ ಬಿತ್ತು ಎಂದು ತೋರಿಸುವ ಬಾವಿ ಅಲ್ಲಿಲ್ಲ. ಇರುವುದು ಸೈನೈಡಿನ ಬಿಳಿ ದಿಬ್ಬ. ಗಾಳಿ ಬಂದಾಗ ಅದರ ಧೂಳು ಮನೆಯೊಳಗೆ ಬರುತ್ತದೆ.

ಬ್ಲೈನಾವನ್ನಿಗೂ ಕಷ್ಟ ಹತ್ತಿರ ಬಂದಿದೆ. ನಿಜವಾಗಿ ಕಲ್ಲಿದ್ದಲು ಅಗೆದವರು ವರ್ಷ ವರ್ಷಕ್ಕೆ ಮುಪ್ಪಾಗುತ್ತಿದ್ದಾರೆ. ಅವರು ಹೋದ ಮೇಲೆ ಆ ಕತ್ತಲೆಯ ಬಾಗಿಲ ಬಳಿ ನಿಂತು ಹೇಳುವವರು ಯಾರು? ನಮ್ಮಲ್ಲೂ ನೂಲುವ ಖಾತೆಯಲ್ಲಿ ದುಡಿದ ಹಿರಿಯರು ಮುಂದಿನ ಸಾಲಿನಲ್ಲಿ ಕುಳಿತಿದ್ದಾರೆ. ಹತ್ತಿಯ ಧೂಳು ಕುಡಿದ ಎದೆ ಎಷ್ಟು ದಿನ ಕಾದೀತು?

ಆದುದರಿಂದ ನನ್ನ ಅಭಿಪ್ರಾಯ ಇದು. ಬಾಕಿ ಸಂಬಳ, ಗ್ರಾಚ್ಯುಯಿಟಿಯ ಮಾತು ಇತ್ಯರ್ಥವಾಗದೆ ಜಾಗದ ಒಂದು ಅಡಿಯೂ ಕೈಬದಲಾಗಬಾರದೆಂದು ಸಂಘ ಹಿಡಿದಿರುವ ಹಟ ಸರಿಯಾಗಿದೆ, ಅದನ್ನು ಸಡಿಲಿಸಬಾರದು. ಚಿಮಣಿಯನ್ನು ಉಳಿಸುವುದಾದರೆ ಹಾಜರಿಯ ಕೋಣೆಯನ್ನೂ, ಕೂಸುಗಳನ್ನು ಮಲಗಿಸುತ್ತಿದ್ದ ಕೋಣೆಯನ್ನೂ, ಒಂದು ಸಾಲು ಮಗ್ಗವನ್ನೂ ಸೇರಿಸಿ ಉಳಿಸಲಿ. ಅಲ್ಲಿ ನಿಂತು ಹೇಳುವ ಕೆಲಸ ದುಡಿದವರಿಗೆ ಸಿಗಲಿ, ಸಂಬಳವಿಟ್ಟು. ಬರೀ ಚಿಮಣಿಯಾದರೆ ನನ್ನ ಮಟ್ಟಿಗೆ ಬೇಡ.

ಅದು ನಡೆಯಲಿ ಬಿಡಲಿ, ಕಾಗದ ಪತ್ರಗಳ ಕೆಲಸಕ್ಕೆ ಯಾರ ಅಪ್ಪಣೆಯೂ ಬೇಕಾಗಿಲ್ಲ. ಬರುವ ಭಾನುವಾರ ಬೆಳಿಗ್ಗೆ ಒಂಬತ್ತರಿಂದ ವಾಚನಾಲಯ ತೆರೆದಿರುತ್ತದೆ. ಹಿತ್ತಾಳೆ ಬಿಲ್ಲೆ, ಹಾಜರಿ ಚೀಟಿ, ಬಟವಾಡೆಯ ಲಕೋಟೆ, ಮುಷ್ಕರದ ಕರಪತ್ರ, ಅಮಾನತಿನ ನೋಟೀಸು, ಏನಿದ್ದರೂ ತನ್ನಿ. ವರ್ತಕ ಮಿತ್ರರು ಅಟ್ಟ ಹುಡುಕಬೇಕು. 1926ರಲ್ಲಿ ವೇಲ್ಸಿನ ಗಣಿಗಳಿಗೆ ಒಡೆಯರು ಬೀಗ ಹಾಕಿದಾಗ ತಿಂಗಳುಗಟ್ಟಲೆ ಉದ್ರಿ ಕೊಟ್ಟು ಎಷ್ಟೋ ಅಂಗಡಿಯವರು ತಾವೇ ದಿವಾಳಿಯಾದರು. ನಮ್ಮ ಪೇಟೆಯಲ್ಲೂ ಮುಷ್ಕರದ ದಿನಗಳಲ್ಲಿ ಅಕ್ಕಿ ಜೋಳ ಉದ್ರಿ ಬರೆದುಕೊಂಡ ಖಾತೆ ಪುಸ್ತಕಗಳು ಇದ್ದೇ ಇರುತ್ತವೆ. ಹಳೆಯ ಬಾಕಿ ವಸೂಲಿಗೆ ಅವನ್ನು ಯಾರೂ ಬಳಸುವುದಿಲ್ಲವೆಂದು ಕಾರ್ಯದರ್ಶಿಗಳು ಭರವಸೆ ಕೊಟ್ಟಿದ್ದಾರೆ! ಕೊಟ್ಟವರ ಹೆಸರು, ವಸ್ತುವಿನ ವಿವರ ಬರೆದುಕೊಂಡು ರಸೀದಿ ಕೊಡಲಾಗುವುದು. ಕೊಡಲು ಮನಸ್ಸಿಲ್ಲದವರು ತೋರಿಸಿ ಹಿಂದಕ್ಕೆ ಒಯ್ಯಬಹುದು, ಪ್ರತಿ ಮಾಡಿಕೊಳ್ಳುತ್ತೇವೆ. ನಡೆಯಲಾಗದ ಹಿರಿಯರಿದ್ದರೆ ಬೀದಿ, ಮನೆ ತಿಳಿಸಿ. ಹುಡುಗರು ಮನೆಗೇ ಬಂದು, ಅವರು ಹೇಳಿದ್ದನ್ನು ಹೇಳಿದಂತೆ ಬರೆದುಕೊಳ್ಳುತ್ತಾರೆ.